ಮೆಟಾನಮಿ, ಸಿನೆಕ್ಡಕಿ ತಲೆಗೆ ಹತ್ತುತ್ತಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಸಿಂದಗಿ ಹುಡುಗ
ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಬಿಎ ಓದುತ್ತಿದ್ದೇನೆ, ಇಂಗ್ಲಿಷ್ ಮೇಜರ್. ಈ ಸೆಮಿಸ್ಟರ್‌ನಲ್ಲಿ ಲಿಟರರಿ ಟರ್ಮ್ಸ್ ಇದೆ. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್‌ವರೆಗೆ ಏನೂ ತೊಂದರೆ ಇಲ್ಲ. ಅಲ್ಲಿಂದ ಮುಂದೆ ಮೆಟಾನಮಿ, ಸಿನೆಕ್ಡಕಿ, ಲೈಟಟೀಸ್, ಝೂಗ್ಮಾ, ಕಯಾಸ್ಮಸ್... ಮೆಡಿಕಲ್ ಅಂಗಡಿಯ ಚೀಟಿ ಓದಿದ ಹಾಗಾಗುತ್ತದೆ.

ಕ್ಲಾಸಿನಲ್ಲಿ ಡೆಫಿನಿಷನ್ ಬರೆಸುತ್ತಾರೆ, ನಾವು ಬಾಯಿಪಾಠ ಮಾಡುತ್ತೇವೆ. ಆದರೆ ಇಂಟರ್ನಲ್ ಟೆಸ್ಟ್‌ನಲ್ಲಿ ಷೇಕ್ಸ್‌ಪಿಯರ್‌ನ 'ಜೂಲಿಯಸ್ ಸೀಸರ್' ನಾಟಕದ ಸಾಲು ಕೊಟ್ಟು ಗುರುತಿಸಿ ಅಂದರು. 'ಫ್ರೆಂಡ್ಸ್, ರೋಮನ್ಸ್, ಕಂಟ್ರಿಮೆನ್, ಲೆಂಡ್ ಮಿ ಯುವರ್ ಇಯರ್ಸ್.' ಅರ್ಧ ಕ್ಲಾಸು ಸಿನೆಕ್ಡಕಿ ಅಂತ ಬರೆಯಿತು, ಇನ್ನರ್ಧ ಮೆಟಾನಮಿ ಅಂತ. ಸರ್ ಎರಡಕ್ಕೂ ಮಾರ್ಕ್ಸ್ ಹಾಕದೆ 'ಆಮೇಲೆ ಹೇಳ್ತೀನಿ' ಅಂದರು. ಆ ಆಮೇಲೆ ಇನ್ನೂ ಬಂದಿಲ್ಲ. ಯಾವುದು ಸರಿ? ಇವನ್ನೆಲ್ಲ ನೆನಪಿಡೋದು ಹೇಗೆ?

ಬಿಸಿಲೂರಿನವ
ಮೆಟಾನಮಿ. ಮುಂದಿನ ಪ್ರಶ್ನೆ ಕೇಳು ತಮ್ಮಾ.

ಗೋಕಾಕ ಕರದಂಟು
ಅಷ್ಟು ಬೇಗ ಮುಗಿಸಬೇಡಿ ಅಣ್ಣಾ. ಕಿವಿ ದೇಹದ ಭಾಗ ಹೌದಲ್ವಾ? ಭಾಗದ ಹೆಸರು ಹೇಳಿ ಪೂರ್ತಿ ವಸ್ತು ತಿಳಿಸಿದರೆ ಅದು ಸಿನೆಕ್ಡಕಿ. ನಮ್ಮ ಪುಸ್ತಕದಲ್ಲಿ ಹಾಗೇ ಇದೆ. ನಾನು ಸಿನೆಕ್ಡಕಿ ಪಾರ್ಟಿ.

ಜಮಖಂಡಿ ಮೇಡಂ
ಕಿವಿ ದೇಹದ ಭಾಗ ಅನ್ನೋದು ಸರಿ. ಆದರೆ ಇಲ್ಲಿ ಕಿವಿ ಅಂದರೆ ಏನು ಅಂತ ನೋಡಿ. ಸೀಸರ್‌ನ ಹೆಣದ ಮುಂದೆ ನಿಂತ ಆಂಟನಿ ಜನರ ಹತ್ತಿರ ಕೇಳುತ್ತಿರೋದು ಗಮನವನ್ನು. ಕಿವಿಯ ಕೆಲಸವನ್ನು ಕಿವಿ ಅಂತ ಕರೆದಿದ್ದಾನೆ. ಕಿವಿಗೂ ಗಮನಕ್ಕೂ ನಂಟು ಇದೆ, ಆದರೆ ಕಿವಿ ಗಮನದ ಒಂದು ತುಂಡಲ್ಲ. ಹೀಗೆ ಒಂದನ್ನು ಅದರ ಜೊತೆ ನಂಟಿರುವ ಇನ್ನೊಂದರ ಹೆಸರಿನಿಂದ ಕರೆದರೆ ಮೆಟಾನಮಿ.

ಈಗ ಇದನ್ನು ನೋಡಿ. 'ನಮ್ಮ ಮನೇಲಿ ಉಣ್ಣೋ ಬಾಯಿ ಆರು.' ಇಲ್ಲಿ ಬಾಯಿ ಅಂದರೆ ಮನುಷ್ಯ. ಬಾಯಿ ಆ ಮನುಷ್ಯನದೇ ಭಾಗ. ಇದು ಸಿನೆಕ್ಡಕಿ. 'ಕಬ್ಬು ಕಡಿಯೋಕೆ ಕೈ ಸಾಲುತ್ತಿಲ್ಲ' ಅಂದರೂ ಅದೇ, ಕೈ ಅಂದರೆ ಕೂಲಿ ಆಳು. 'ಕುರ್ಚಿಗಾಗಿ ಕಿತ್ತಾಟ' ಅಂದರೆ ಮೆಟಾನಮಿ, ಕುರ್ಚಿ ಅಧಿಕಾರದ ತುಂಡಲ್ಲ, ಅದರ ಗುರುತು. ಬೆಳಗಾವಿ ಅಧಿವೇಶನದ ಹೊತ್ತಿಗೆ 'ಸುವರ್ಣಸೌಧದ ಉತ್ತರಕ್ಕೆ ಕಾಯುತ್ತಿದ್ದೇವೆ' ಅಂತಾರಲ್ಲ, ಅದೂ ಮೆಟಾನಮಿ. ಕಟ್ಟಡ ಉತ್ತರ ಕೊಡುತ್ತದಾ?

ಸಿನೆಕ್ಡಕಿ ತಿರುಗಿಯೂ ಬರುತ್ತದೆ. 'ಭಾರತ ಗೆದ್ದಿತು' ಅಂದರೆ ಗೆದ್ದವರು ಹನ್ನೊಂದು ಜನ, ಹೆಸರು ಇಡೀ ದೇಶದ್ದು.

ಇನ್ನೊಂದು ಮಾತು. ಸಿನೆಕ್ಡಕಿಯನ್ನು ಮೆಟಾನಮಿಯ ಒಂದು ಬಗೆ ಅಂತಲೇ ಹೇಳುವ ವಿಮರ್ಶಕರೂ ಇದ್ದಾರೆ. ಆದ್ದರಿಂದ ಹೆಸರು ಬರೆದು ಸುಮ್ಮನಾಗಬೇಡಿ. ಪಕ್ಕದಲ್ಲಿ ಒಂದು ಸಾಲು ಕಾರಣ ಬರೆಯಿರಿ. ಪೇಪರ್ ನೋಡುವವರಿಗೆ ನಿಮಗೆ ತಿಳಿದಿದೆ ಅಂತ ಗೊತ್ತಾಗೋದು ಅಲ್ಲೇ.

ಬಿಸಿಲೂರಿನವ
ಮೇಡಂ, 'ಖಾಕಿ ಬಂತು, ಓಡ್ರೋ' ಅನ್ನೋದು?

ಗೋಕಾಕ ಕರದಂಟು
ಬಟ್ಟೆ ಮೈಮೇಲೇ ಇರುತ್ತದಲ್ಲ. ಭಾಗ ಅಂತ ಹಿಡಿಯಬಹುದು. ಸಿನೆಕ್ಡಕಿ.

ಜಮಖಂಡಿ ಮೇಡಂ
ಮನೆಗೆ ಹೋಗಿ ಖಾಕಿ ಕಳಚಿ ಲುಂಗಿ ಉಟ್ಟರೂ ಪೊಲೀಸಪ್ಪ ಪೂರ್ತಿ ಮನುಷ್ಯನೇ. ಕೈ ಹಾಗೆ ಕಳಚಿಡೋಕೆ ಆಗಲ್ಲ. ಖಾಕಿ ಮೆಟಾನಮಿ. ರಾಜನಿಗೆ 'ಕ್ರೌನ್' ಅನ್ನೋದೂ ಹೀಗೇ.

ಗೋಕಾಕ ಕರದಂಟು
ನಮ್ಮ ಪುಸ್ತಕದವರಿಗೂ ಇದನ್ನ ಯಾರಾದ್ರೂ ಹೇಳಿ.

ಮುಧೋಳ ಮಂದಿ
ಇಂಗ್ಲಿಷ್ ಸಾಲು ಹಿಡಿದು ಒದ್ದಾಡೋದಕ್ಕಿಂತ ಮೊದಲು ಮನೆಯ ಸರಕು ನೋಡಬಾರದಾ? ನಮ್ಮೂರಿನ ರನ್ನನ ಒಂದು ಸಾಲು ಹೈಸ್ಕೂಲಿನಲ್ಲಿ ಎಲ್ಲರೂ ಓದಿರುತ್ತೀರಿ. 'ನೀರೊಳಗಿರ್ದುಂ ಬೆಮರ್ದನುರಗಪತಾಕಂ.' ದುರ್ಯೋಧನ ಕೊಳದ ನೀರಿನಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮ ಗುಡುಗುತ್ತಾನೆ. ಆ ಸದ್ದು ಕೇಳಿ ಇವನು ನೀರೊಳಗೆ ಇದ್ದೂ ಬೆವರಿದ.

ಒಂದೊಂದಾಗಿ ಬಿಡಿಸೋಣ. ನೀರಿನಲ್ಲಿದ್ದು ಬೆವರೋದು: ಮೇಲ್ನೋಟಕ್ಕೆ ಆಗದ ಮಾತು, ಒಳಗೆ ನಿಜ. ಇಂಗ್ಲಿಷ್‌ನಲ್ಲಿ ಪ್ಯಾರಡಾಕ್ಸ್. 'ಉರಗಪತಾಕ' ಅಂದರೆ ಹಾವಿನ ಬಾವುಟದವನು. ಮನುಷ್ಯನನ್ನು ಅವನ ಬಾವುಟದಿಂದ ಕರೆದದ್ದು, ಅಂದರೆ ಮೇಡಂ ಹೇಳಿದ ಖಾಕಿ ಲೆಕ್ಕವೇ. ಹೆಸರಿನ ಬದಲು ಬಿರುದು ಬಳಸಿದ್ದಕ್ಕೆ ಆ್ಯಂಟನೊಮೇಸಿಯಾ ಅಂತಲೂ ಅಂತಾರೆ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಮಜಾ ಹೋಯಿತು. ರನ್ನನಿಗೆ ದುರ್ಯೋಧನನನ್ನು ಕರೆಯೋಕೆ ಬೇರೆ ಹೆಸರು ಬೇಕಾದಷ್ಟಿದ್ದವು. ಸೈನ್ಯ ಸತ್ತಿದೆ, ತಮ್ಮಂದಿರು ಸತ್ತಿದ್ದಾರೆ, ಬಾವುಟ ಹಿಡಿಯೋಕೆ ಒಬ್ಬನೂ ಉಳಿದಿಲ್ಲ. ಸರಿಯಾಗಿ ಆ ಹೊತ್ತಿಗೆ ಅವನನ್ನು 'ಬಾವುಟದವನೇ' ಅಂತ ಕರೆಯುತ್ತಾನೆ. ಅದೂ ಸಾಲಿನ ಕೊನೆಯಲ್ಲಿ, ಬೆವರಿದ ಅಂತ ಹೇಳಿದ ಮೇಲೆ. ಅಲ್ಲಿ ಇರೋದು ಐರನಿ, ಅಂದರೆ ವ್ಯಂಗ್ಯ. ಟರ್ಮ್ ಗೊತ್ತಿದ್ದರೆ ಇಷ್ಟು ಒಳಗೆ ಹೋಗಬಹುದು. ಬರೀ ಡೆಫಿನಿಷನ್ ಗೊತ್ತಿದ್ದರೆ ದಡದಲ್ಲೇ ನಿಲ್ಲುತ್ತೀರಿ.

ಸಿಂದಗಿ ಹುಡುಗ
ಸರ್, ಈ ಸಾಲು ಹತ್ತನೇ ಕ್ಲಾಸಿಂದ ಗೊತ್ತು. ಬಾವುಟದ ಕಡೆ ಯಾರೂ ತೋರಿಸಿರಲಿಲ್ಲ.

ನೆಟ್ ಬರೆಯುವವಳು
ಎಲ್ಲಾ ಚೆನ್ನಾಗಿದೆ. ಆದರೆ ನನ್ನಂಥವರ ಕಷ್ಟ ಬೇರೆ. ನೆಟ್, ಅಂದರೆ ಕಾಲೇಜು ಅಧ್ಯಾಪಕರಾಗೋಕೆ ಬರೆಯುವ ಅರ್ಹತಾ ಪರೀಕ್ಷೆಯಲ್ಲಿ ಮೂರು ಗಂಟೆ, 150 ಪ್ರಶ್ನೆ. ಅದರಲ್ಲಿ 100 ನಮ್ಮ ವಿಷಯದ್ದು. ಅಲ್ಲಿ ಯಾರೂ 'ಬಿಡಿಸಿ ಬರೆಯಿರಿ' ಅನ್ನಲ್ಲ. ವಿಮರ್ಶೆಯ ಪದವನ್ನು ಅದನ್ನು ಕೊಟ್ಟವರಿಗೂ ವರ್ಷಕ್ಕೂ ಹೊಂದಿಸಿ ಬರೆಯಿರಿ, ಅಷ್ಟೇ. 'ನೆಗೆಟಿವ್ ಕೇಪಬಿಲಿಟಿ' ಕೀಟ್ಸ್, 1817ರ ಪತ್ರ. 'ವಿಲ್ಲಿಂಗ್ ಸಸ್ಪೆನ್ಷನ್ ಆಫ್ ಡಿಸ್‌ಬಿಲೀಫ್' ಕೋಲ್‌ರಿಜ್, ಅದೂ 1817. 'ಪಥೆಟಿಕ್ ಫ್ಯಾಲಸಿ' ರಸ್ಕಿನ್, 1856. 'ಆಬ್ಜೆಕ್ಟಿವ್ ಕೋರಿಲೇಟಿವ್' ಎಲಿಯಟ್, 1919ರ ಹ್ಯಾಮ್ಲೆಟ್ ಪ್ರಬಂಧ. 'ಇಂಟೆನ್ಷನಲ್ ಫ್ಯಾಲಸಿ' ವಿಮ್ಸಟ್ ಮತ್ತು ಬಿಯರ್ಡ್ಸ್‌ಲಿ, 1946. ಇವು ಬಾಯಿಪಾಠ ಇಲ್ಲದೆ ಆಗಲ್ಲ. ರನ್ನನ ಬೆವರು ಅಲ್ಲಿ ಬರಲ್ಲ ಸರ್.

ಮುಧೋಳ ಮಂದಿ
ರನ್ನನದು ಬರಲ್ಲ, ನಿಮ್ಮದು ಬರುತ್ತದೆ ಬಿಡಿ ತಂಗಿ.

ಬಿಸಿಲೂರಿನವ
😂 ಏಪ್ರಿಲ್‌ನಲ್ಲಿ ವಿಜಯಪುರದ ಸೆಂಟರ್ ಹಾಕಿಸಿಕೊಳ್ಳಿ, ಪಕ್ಕಾ ಬರುತ್ತದೆ.

ಜಮಖಂಡಿ ಮೇಡಂ
ಬಾಯಿಪಾಠ ಬೇಡ ಅಂತ ನಾನೂ ಹೇಳಲ್ಲ. ಆದರೆ ಹಿಂದಿನ ಕಥೆ ಗೊತ್ತಿದ್ದರೆ ಬಾಯಿಪಾಠ ಬೇಗ ಆಗುತ್ತದೆ. ಪಥೆಟಿಕ್ ಫ್ಯಾಲಸಿಯನ್ನೇ ತಗೊಳ್ಳಿ. ಮಕ್ಕಳು 'ದುಃಖದ ತಪ್ಪು' ಅಂತೆಲ್ಲ ಬರೆಯುತ್ತಾರೆ. ಇಲ್ಲಿ ಪಥೆಟಿಕ್ ಅಂದರೆ ಭಾವನೆಗೆ ಸಂಬಂಧಪಟ್ಟದ್ದು. ಕಿಂಗ್ಸ್‌ಲಿ ಬರೆದ ಒಂದು ಸಾಲಿನಲ್ಲಿ ಸಮುದ್ರದ ನೊರೆಯನ್ನು 'ಕ್ರೂಯಲ್, ಕ್ರಾಲಿಂಗ್ ಫೋಮ್' ಅಂತ ಕರೆದಿದ್ದಾನೆ. ನೊರೆ ಕ್ರೂರಿಯೂ ಅಲ್ಲ, ತೆವಳೋದೂ ಇಲ್ಲ, ದುಃಖದಲ್ಲಿ ಇರುವವನ ಕಣ್ಣಿಗೆ ಹಾಗೆ ಕಾಣುತ್ತದೆ ಅಂತ ರಸ್ಕಿನ್ ತಕರಾರು. ಅಂದರೆ ಅವನು ಈ ಹೆಸರು ಕೊಟ್ಟದ್ದು ಬೈಯೋಕೆ. ಈಗ ಬೈಗುಳ ಹೋಗಿ ಹೆಸರು ಮಾತ್ರ ಉಳಿದಿದೆ.

ನಮ್ಮ ಕಡೆ ಜೂನ್ ಮುಗಿದರೂ ಮಳೆ ಬಾರದಿದ್ದರೆ 'ಮೋಡ ಮುನಿಸಿಕೊಂಡಿದೆ' ಅಂತಾರಲ್ಲ, ಅದೇ ಇದು. ಮುನಿಸು ಯಾರದು? ಹೊಲದವನದು.

ತೋಂಟದ ಮನಿ
ಹಾಗಾದರೆ ಪರ್ಸಾನಿಫಿಕೇಶನ್‌ಗೂ ಇದಕ್ಕೂ ಏನು ಫರಕು ಅಕ್ಕಾ? ಅಲ್ಲಿಯೂ ನಿರ್ಜೀವಕ್ಕೆ ಜೀವ ಕೊಡೋದೇ ಅಲ್ವಾ?

ಜಮಖಂಡಿ ಮೇಡಂ
ಪರ್ಸಾನಿಫಿಕೇಶನ್ ದೊಡ್ಡ ಮನೆ, ಇದು ಅದರೊಳಗಿನ ಒಂದು ಕೋಣೆ. ನೋಡುವವನ ಭಾವನೆ ಹೋಗಿ ನಿಸರ್ಗಕ್ಕೆ ಅಂಟಿಕೊಂಡರೆ ಪಥೆಟಿಕ್ ಫ್ಯಾಲಸಿ. ಕವಿ ಡನ್ 'ಡೆತ್, ಬಿ ನಾಟ್ ಪ್ರೌಡ್' ಅನ್ನುವಾಗ ಸಾವನ್ನು ಮನುಷ್ಯನಂತೆ ನೋಡುತ್ತಾನೆ, ಅದು ಪರ್ಸಾನಿಫಿಕೇಶನ್. ನೇರ ಮುಖ ಕೊಟ್ಟು ಮಾತಾಡಿಸುತ್ತಾನೆ, ಅದಕ್ಕೆ ಅಪಾಸ್ಟ್ರಫಿ. ಎರಡೂ ಬರೆಯಿರಿ.

ಬಿಸಿಲೂರಿನವ
ಅಪಾಸ್ಟ್ರಫಿ ಅಂದ್ರೆ ಆ ಮೇಲಿನ ಕೊಂಬು ಅಲ್ವಾ? ಡೋಂಟ್, ಕಾಂಟ್‌ನಲ್ಲಿ ಹಾಕ್ತಾರಲ್ಲ?

ನೆಟ್ ಬರೆಯುವವಳು
ಅದೂ ಅಪಾಸ್ಟ್ರಫಿನೇ, ಇದೂ ಅಪಾಸ್ಟ್ರಫಿನೇ. ಗ್ರೀಕರನ್ನ ಕೇಳಿ.

ಸಿಂದಗಿ ಹುಡುಗ
ನನ್ನದು ಇನ್ನೊಂದು. ಪ್ರಾಸ ಅಂದರೆ ರೈಮ್ ತಾನೇ? ಹಾಗಂತ ಬರೆದರೆ ಗೆಳೆಯ ತಪ್ಪು ಅಂತಾನೆ.

ಬಾದಾಮಿ ಬಂಡೆ
ಇದಕ್ಕೆ ನಾನು ಬರಲೇಬೇಕು. ನಮ್ಮೂರಿನ ತಟ್ಟುಕೋಟಿ ಬಳಿ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು 1300 ವರ್ಷದ ಹಿಂದಿನದು. ತ್ರಿಪದಿಯ ಹಳೆಯ ಉದಾಹರಣೆ ಅಂತ ಎಲ್ಲ ಪುಸ್ತಕದಲ್ಲೂ ಅದನ್ನೇ ಕೊಡುತ್ತಾರೆ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಸಾಲಿನ ಕೊನೆ ನೋಡಿ. ಇಂಗ್ಲಿಷ್‌ನವರು ಕೇಳುವ ರೈಮ್ ಅಲ್ಲಿ ಇಲ್ಲ. ಈಗ ಸಾಲಿನ ಮೊದಲ ಪದ ನೋಡಿ: ಸಾಧು, ಬಾಧಿ, ಮಾಧವ. ಮೂರರಲ್ಲೂ ಎರಡನೇ ಅಕ್ಷರ ಧಕಾರ. ಹಳಗನ್ನಡದ ಆದಿಪ್ರಾಸ ಇದು. ಇಂಗ್ಲಿಷ್ ರೈಮ್ ಕೂರೋದು ಸಾಲಿನ ತುದಿಯಲ್ಲಿ, ಇದು ಕೂರೋದು ಸಾಲಿನ ತಲೆಯಲ್ಲಿ, ಎರಡನೇ ಅಕ್ಷರದ ಮೇಲೆ. ಅಲಿಟರೇಷನ್ ಅಂತಲೂ ಅನ್ನೋಕೆ ಆಗಲ್ಲ, ಅದಕ್ಕೆ ಪದದ ಮೊದಲ ಸದ್ದು ಒಂದೇ ಆಗಬೇಕು. ಅದು ಬೇಕಿದ್ದರೆ ಎರಡನೇ ಸಾಲಿನ 'ಕಲಿಗೆ ಕಲಿಯುಗ' ನೋಡಿ. ನಿನ್ನ ಗೆಳೆಯ ಹೇಳಿದ್ದರಲ್ಲಿ ಸತ್ಯ ಇದೆ. ಅಂತ್ಯಪ್ರಾಸ ಅಂತ ಬರೆದಿದ್ದರೆ ಜಗಳವೇ ಇರುತ್ತಿರಲಿಲ್ಲ.

ಕೊನೆಯ 'ಪೆರನಲ್ಲ' ಕೂಡ ಬಿಡಬೇಡಿ. 'ಇವನು ಮಾಧವನೇ' ಅಂದು ಬಿಟ್ಟಿದ್ದರೂ ಆಗುತ್ತಿತ್ತು. 'ಬೇರೆಯವನಲ್ಲ' ಅಂತ ಇಲ್ಲ ಹಾಕಿ ಹೌದನ್ನು ಗಟ್ಟಿ ಮಾಡಿದ್ದಾನೆ. ಲೈಟಟೀಸ್ ಕೆಲಸ ಮಾಡೋದು ಈ ದಾರಿಯಲ್ಲೇ.

ತೋಂಟದ ಮನಿ
ಲೈಟಟೀಸ್ ನಮ್ಮ ಅತ್ತೆ ದಿನಾ ಮಾಡ್ತಾರೆ. ಪಲ್ಯ ಎಷ್ಟೇ ಚೆನ್ನಾಗಿರಲಿ, 'ಏನೂ ಕೆಟ್ಟಿಲ್ಲ ಬಿಡು' ಅಂತಾರೆ. ಅದೇ ದೊಡ್ಡ ಮೆಚ್ಚುಗೆ ಅಂತ ತಿಳಿಯೋಕೆ ನನಗೆ ಬಹಳ ದಿನ ಹಿಡಿಯಿತು.

ಗೋಕಾಕ ಕರದಂಟು
ಯಾವ ಪಲ್ಯ?

ತೋಂಟದ ಮನಿ
ಎಣ್ಣೆಗಾಯಿ. ಮತ್ತೇನು.

ಗೋಕಾಕ ಕರದಂಟು
ಜೋಳದ ರೊಟ್ಟಿ ಜೊತೆಗಾ? ಹಾಗಾದರೆ ಲೈಟಟೀಸ್ ಸಾಲದು, ಹೈಪರ್‌ಬೋಲ್ ಬೇಕು.

ನೆಟ್ ಬರೆಯುವವಳು
ಹೈ-ಪರ್-ಬ-ಲಿ. ನಾಲ್ಕು ಸಿಲಬಲ್. ಹೈಪರ್‌ಬೋಲ್ ಅನ್ನೋದನ್ನ ನಿಲ್ಲಿಸಿ, ಕೈ ಮುಗಿಯುತ್ತೇನೆ.

ಗೋಕಾಕ ಕರದಂಟು
ನಮ್ಮ ಸರ್ ಬೋಲ್ ಅಂತಾನೇ ಹೇಳೋದು. ನಾನು ಕ್ಲಾಸಲ್ಲಿ ಬಲಿ ಅಂದರೆ ಬಲಿ ಆಗೋದು ನಾನೇ.

ಜಮಖಂಡಿ ಮೇಡಂ
ಉಚ್ಚಾರಣೆ ಹೇಗೇ ಇರಲಿ, ಒಂದು ಎಚ್ಚರಿಕೆ. ಕನ್ನಡ ಅಲಂಕಾರದ ಉತ್ಪ್ರೇಕ್ಷೆಯನ್ನು ಹೈಪರ್ಬಲಿ ಅಂತ ಬರೆಯಬೇಡಿ. ಅಲ್ಲಿ ಉತ್ಪ್ರೇಕ್ಷೆ ಅಂದರೆ ಒಂದನ್ನು ಇನ್ನೊಂದು ಅಂತ ಊಹಿಸೋದು, 'ಏನೋ ಎಂಬಂತೆ' ಅನ್ನೋ ಧಾಟಿ. ಹೈಪರ್ಬಲಿಗೆ ಹತ್ತಿರ ಅತಿಶಯೋಕ್ತಿ. ಐಚ್ಛಿಕ ಕನ್ನಡ ತಗೊಂಡ ಮಕ್ಕಳೇ ಇಲ್ಲಿ ಜಾಸ್ತಿ ಎಡವುತ್ತಾರೆ.

ಬಾಗೇವಾಡಿ ಬಳ್ಳಿ
ಅನಾಫರಾ ಬಗ್ಗೆ ಯಾರೂ ಹೇಳಲಿಲ್ಲ. ಡಿಕನ್ಸ್‌ನ 'ಇಟ್ ವಾಸ್ ದಿ ಬೆಸ್ಟ್ ಆಫ್ ಟೈಮ್ಸ್, ಇಟ್ ವಾಸ್ ದಿ ವರ್ಸ್ಟ್ ಆಫ್ ಟೈಮ್ಸ್' ಎಲ್ಲರೂ ಕೊಡುತ್ತಾರೆ. ನಾನು ನಮ್ಮ ಬಸವಣ್ಣನ ವಚನದಿಂದ ಕಲಿತೆ.

ನುಡಿದರೆ ಮುತ್ತಿನ ಹಾರದಂತಿರಬೇಕು
ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು
ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು

ಸಾಲಿನ ಶುರುವಿನಲ್ಲಿ 'ನುಡಿದರೆ' ಮರಳಿ ಮರಳಿ ಬರುತ್ತದೆ, ಅದು ಅನಾಫರಾ. ಕೊನೆಯಲ್ಲಿ 'ಅಂತಿರಬೇಕು' ಮರಳುತ್ತದೆ, ಅದು ಎಪಿಸ್ಟ್ರಫಿ. ಎರಡೂ ಸೇರಿದರೆ ಸಿಂಪ್ಲಸಿ. ನಡುವೆ ಇರೋದು ಮೂರು ಸಿಮಿಲಿ. ನಾಲ್ಕನೇ ಸಾಲಿಗೆ ಬನ್ನಿ: 'ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು.' ಶುರು ಅದೇ ಇದೆ, ಹೋಲಿಕೆ ಹೋಯಿತು. ಮುತ್ತು ಮಾಣಿಕ್ಯ ಎಲ್ಲ ಬಿಟ್ಟು ನೇರ ದೇವರ ಬಾಯಿಗೆ ಬಂತು. ಕಿವಿ ಮೂರು ಸಾಲು ಒಂದೇ ಲಯಕ್ಕೆ ಒಗ್ಗಿರುತ್ತದೆ, ಹಾಗಾಗಿ ನಾಲ್ಕನೆಯದು ಥಟ್ಟನೆ ತಾಗುತ್ತದೆ. ಕೊನೆಗೆ 'ಕೂಡಲಸಂಗಮದೇವನೆಂತೊಲಿವನಯ್ಯಾ' ಅಂತ ಪ್ರಶ್ನೆ. ಉತ್ತರ ಬೇಡದ ಪ್ರಶ್ನೆ, ರೆಟರಿಕಲ್ ಕ್ವೆಶ್ಚನ್.

ಬೆಳಗಾವಿಯಲ್ಲಿ ಕೆಲಕಾಲ ಇಂಗ್ಲಿಷ್ ಪಾಠ ಮಾಡಿದ್ದ ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ತಂದರು. 'ಎನ್ನ ಕಾಲೇ ಕಂಬ, ದೇಹವೇ ದೇಗುಲ' ಇರುವ ವಚನ ಅದರಲ್ಲಿದೆ. ಎಕ್ಸ್‌ಟೆಂಡೆಡ್ ಮೆಟಫರ್‌ಗೆ ಅದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಕನ್ನಡ, ಇಂಗ್ಲಿಷ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ನೆಟ್ ಬರೆಯುವವಳು
ಇಂಗ್ಲಿಷ್ ಪೇಪರ್‌ನಲ್ಲಿ ವಚನ ಬರೆದರೆ ಮಾರ್ಕ್ಸ್ ಕೊಡ್ತಾರಾ?

ಜಮಖಂಡಿ ಮೇಡಂ
ಸಿಲೆಬಸ್‌ನ ಸಾಲು ಮೊದಲು ಬರೆಯಿರಿ. ಆಮೇಲೆ ಒಂದು ವಾಕ್ಯದಲ್ಲಿ ವಚನ ಸೇರಿಸಿ. ನಾನಂತೂ ಕೊಡುತ್ತೇನೆ. ಎಲ್ಲರೂ ಕೊಡುತ್ತಾರೆ ಅಂತ ಮಾತು ಕೊಡಲಾರೆ.

ಮುಧೋಳ ಮಂದಿ
ಎಲ್ಲರೂ ಕೊಡಬೇಕು. ಇದೇ ನನ್ನ ತಕರಾರು. ಡ್ರಮ್ಯಾಟಿಕ್ ಐರನಿಗೆ ಮ್ಯಾಕ್‌ಬೆತ್ ಓದುತ್ತಾರೆ. ಡಂಕನ್ ರಾಜ ಹಳೆಯ ದ್ರೋಹಿಯನ್ನು ನೆನೆದು 'ಅವನನ್ನು ಪೂರ್ತಿ ನಂಬಿದ್ದೆ' ಅಂತಾನೆ, ಅದೇ ಕ್ಷಣಕ್ಕೆ ಮ್ಯಾಕ್‌ಬೆತ್ ಒಳಗೆ ಬರುತ್ತಾನೆ. ಒಪ್ಪಿದೆ, ಭಾರಿ ಜಾಗ ಅದು. ಆದರೆ ಜಾತ್ರೆಯಲ್ಲಿ ಕೀಚಕನ ಆಟ ನೋಡಿದ ಹುಡುಗನಿಗೆ ಇದನ್ನ ಹೊಸದಾಗಿ ಕಲಿಸಬೇಕಾ? ಕೀಚಕ ಸೆಂಟು ಹಾಕಿಕೊಂಡು ಕತ್ತಲಲ್ಲಿ ಸೈರಂಧ್ರಿ ಅಂತ ತಡವರಿಸುತ್ತಾನೆ. ಮುಸುಕಿನೊಳಗೆ ಮಲಗಿರೋನು ಭೀಮ ಅಂತ ಚಾಪೆ ಮೇಲೆ ಕೂತ ಮಗುವಿಗೂ ಗೊತ್ತು. ಅವನಿಗೊಬ್ಬನಿಗೆ ಗೊತ್ತಿಲ್ಲ. ಮೂರು ಪುಟದ ನೋಟ್ಸ್ ಉಳಿಯುತ್ತದೆ.

ನೆಟ್ ಬರೆಯುವವಳು
ಸರ್, ನಿಮ್ಮ ಲೆಕ್ಕದಲ್ಲಿ ಷೇಕ್ಸ್‌ಪಿಯರ್ ಓದೋದೇ ಬೇಡ ಅನ್ನಿ. ಕೀಚಕನಿಂದ ಐರನಿ ಅರ್ಥ ಆಗುತ್ತದೆ, ಸರಿ. ಆದರೆ ಅಯಾಂಬಿಕ್ ಪೆಂಟಾಮೀಟರ್ ಯಾವ ಜಾತ್ರೆಯಲ್ಲಿ ಸಿಗುತ್ತದೆ? ನಮ್ಮಲ್ಲಿ ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಎಣಿಸೋದು ಕಾಲ. ಇಂಗ್ಲಿಷ್‌ನಲ್ಲಿ ಎಣಿಸೋದು ಒತ್ತು. 'ಶಲ್ ಐ ಕಂಪೇರ್ ದೀ ಟು ಎ ಸಮರ್ಸ್ ಡೇ', ಹತ್ತು ಸಿಲಬಲ್, ಐದು ಅಯಾಂಬ್, ಒಂದು ಹಗುರ ಒಂದು ಒತ್ತು. ಕನ್ನಡದ ಪ್ರಸ್ತಾರ ಹಾಕಿದರೆ ಕೆಟ್ಟು ಹೋಗುತ್ತದೆ. ಎಲ್ಲವನ್ನೂ ಮನೆಯ ಅಳತೆಯಲ್ಲಿ ಅಳೆಯೋಕೆ ಹೋಗಬಾರದು.

ಬಾದಾಮಿ ಬಂಡೆ
ಇದು ಸರಿಯಾದ ಮಾತು. ನಾನು ಟೇಬಲ್ ಕುಟ್ಟಿ ಕಲಿಸುತ್ತೇನೆ. ಕಂ-ಪೇರ್‌ನ ಪೇರ್ ಮೇಲೆ ಗುದ್ದು, ಸಮರ್‌ನ ಸ ಮೇಲೆ ಗುದ್ದು. ಪದ ಮಾತಿನಲ್ಲಿ ಎಲ್ಲಿ ಭಾರ ಆಗುತ್ತದೋ ಅಲ್ಲೇ ಗುದ್ದಬೇಕು. ಅದು ಗೊತ್ತಾಗೋಕೆ ಡಿಕ್ಷನರಿಯಲ್ಲಿ ಒತ್ತಿನ ಗುರುತು ನೋಡಿ. ಗುರು ಲಘು ಸುಮ್ನೆ ಪಕ್ಕಕ್ಕಿಡಿ.

ಬಿಸಿಲೂರಿನವ
ಝೂಗ್ಮಾ ಉಳಿಯಿತು. ನಾನೇ ಹೇಳುತ್ತೇನೆ. 'ನಮ್ಮ ಕಾಕಾ ಇಂಡಿ ಸಂತೆಯಲ್ಲಿ ಕೊಡೆಯನ್ನೂ ಮಾನವನ್ನೂ ಒಟ್ಟಿಗೆ ಕಳಕೊಂಡ.' ಒಂದೇ ಕ್ರಿಯಾಪದ, ಎರಡು ಹೊರೆ, ಒಂದು ಮುಟ್ಟೋಕೆ ಸಿಗುತ್ತದೆ, ಇನ್ನೊಂದು ಸಿಗಲ್ಲ.

ಜಮಖಂಡಿ ಮೇಡಂ
ಬಹಳ ಸರಿ. ಇಂಗ್ಲಿಷ್ ಕವಿ ಪೋಪ್ ಮಾಡಿದ್ದೂ ಅದನ್ನೇ. 'ಆರ್ ಸ್ಟೇನ್ ಹರ್ ಆನರ್, ಆರ್ ಹರ್ ನ್ಯೂ ಬ್ರೊಕೇಡ್.' ಮಾನಕ್ಕೆ ಕಲೆ, ಹೊಸ ರೇಷ್ಮೆಗೆ ಕಲೆ, ಎರಡೂ ಒಂದೇ ತಕ್ಕಡಿಯಲ್ಲಿ. ಆ ಶ್ರೀಮಂತರ ಮನೆಯಲ್ಲಿ ಎರಡಕ್ಕೂ ಒಂದೇ ಬೆಲೆ ಅಂತ ಬೇರೆ ಹೇಳಬೇಕಿಲ್ಲ. ಪರೀಕ್ಷೆಯಲ್ಲಿ ಈ ಕೊನೆಯ ವಾಕ್ಯ ಬರೆದವರಿಗೇ ಪೂರ್ತಿ ಮಾರ್ಕ್ಸ್.

ತೋಂಟದ ಮನಿ
ಮಾಲಪ್ರಾಪಿಸಂ ನನ್ನ ಫೇವರಿಟ್. ಶೆರಿಡನ್‌ನ 1775ರ ನಾಟಕದಲ್ಲಿ ಮಿಸೆಸ್ ಮಾಲಪ್ರಾಪ್ ನೈಲ್ ನದಿ ದಡದಲ್ಲಿ 'ಅಲಿಗರಿ' ಇದೆ ಅಂತಾಳೆ, ಹೇಳಬೇಕಾಗಿದ್ದು ಅಲಿಗೇಟರ್. ನಮ್ಮ ಓಣಿಯಲ್ಲಿ ಒಬ್ಬರು 'ಮಗನನ್ನ ಆಸ್ಪತ್ರೆಯಿಂದ ಡಿಸ್‌ಮಿಸ್ ಮಾಡಿದ್ರು, ಈಗ ಆರಾಮ' ಅಂದರು.

ಸಿಂದಗಿ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಒಂದು ಉತ್ತರ ಬರೆದು ನೋಡಿದ್ದೇನೆ, ಮೇಡಂ ತಿದ್ದಿ. 'ಫೇರ್ ಈಸ್ ಫೌಲ್, ಅಂಡ್ ಫೌಲ್ ಈಸ್ ಫೇರ್.' ಮ್ಯಾಕ್‌ಬೆತ್‌ನ ಈ ಸಾಲು ಕಯಾಸ್ಮಸ್. ಮೊದಲರ್ಧದ ಪದಗಳು ಎರಡನೇ ಅರ್ಧದಲ್ಲಿ ತಿರುವುಮುರುವಾಗಿ ಬಂದಿವೆ. ಒಳ್ಳೆಯದು ಕೆಟ್ಟದ್ದು ಜಾಗ ಬದಲಿಸುವುದರಿಂದ ಮಾಟಗಾತಿಯರ ಲೋಕದಲ್ಲಿ ಯಾವುದನ್ನೂ ನಂಬುವ ಹಾಗಿಲ್ಲ ಅನ್ನುವುದು ನಾಟಕದ ಶುರುವಿನಲ್ಲೇ ತಿಳಿಯುತ್ತದೆ. ಕನ್ನಡದಲ್ಲಿ 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಇದೇ ರೀತಿ.

ಜಮಖಂಡಿ ಮೇಡಂ
ಕೊನೆಯ ವಾಕ್ಯ ತೆಗೆದುಬಿಡು. ಆ ಗಾದೆಯಲ್ಲಿ ಏನೂ ತಿರುಗಿಲ್ಲ, ಎರಡು ಭಾಗ ಒಂದೇ ಅಚ್ಚಿನಲ್ಲಿ ಸಾಲಾಗಿ ನಿಂತಿವೆ. ಅದು ಪ್ಯಾರಲಲಿಸಂ. ಜೊತೆಗೆ, ಅವೇ ಪದಗಳೇ ತಿರುಗಿ ಬಂದರೆ ಆ್ಯಂಟಿಮೆಟಾಬಲಿ ಅನ್ನೋ ಹೆಸರೂ ಇದೆ. ಬ್ರಾಕೆಟ್‌ನಲ್ಲಿ ಅದನ್ನ ಹಾಕು. ಉಳಿದದ್ದು ಚೆನ್ನಾಗಿದೆ.

ಗೋಕಾಕ ಕರದಂಟು
ಚೆನ್ನಾಗಿದೆ ಅಲ್ಲ ಮೇಡಂ, 'ಏನೂ ಕೆಟ್ಟಿಲ್ಲ ಬಿಡು' ಅನ್ನಿ.

ನೆಟ್ ಬರೆಯುವವಳು
ಸಿಲೆಪ್ಸಿಸ್‌ಗೂ ಝೂಗ್ಮಾಗೂ ಇರುವ ವ್ಯತ್ಯಾಸ ಯಾರಾದರೂ ಹೇಳ್ತೀರಾ? ಒಂದು ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಎರಡೂ ಆಪ್ಷನ್‌ನಲ್ಲಿ ಇವೆ.

ಬಾದಾಮಿ ಬಂಡೆ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ತಂಗಿ. ಇಲ್ಲಿ ಎಣ್ಣೆಗಾಯಿ ಹಿಡಿದವರು ಬಿಡುವ ಲಕ್ಷಣ ಇಲ್ಲ.